ಇಂಗ್ಲಿಷ್ ಪಾಠಶಾಲೆಯಲ್ಲಿ ಕಾವ್ಯಪರಿಭಾಷೆ

ಅಮೆರಿಕದ ಪ್ರೌಢಶಾಲೆಗಳಲ್ಲಿ ವರ್ಷಾಂತ್ಯದ ಪರೀಕ್ಷೆ ಸಮೀಪಿಸಿದಾಗ ಇಂಗ್ಲಿಷ್ ಉಪಾಧ್ಯಾಯರು ವಿದ್ಯಾರ್ಥಿಗಳಿಂದ ಪುನರಾವರ್ತನೆ ಮಾಡಿಸುವ ಪಾಠಗಳಲ್ಲಿ ಸಾಹಿತ್ಯದ ಪಾರಿಭಾಷಿಕ ಪದಗಳ ಪಟ್ಟಿಯೊಂದು ತಪ್ಪದೆ ಇರುತ್ತದೆ. ಸಿಮಿಲಿ, ಮೆಟಫರ್, ಐರನಿ, ಸಿಂಬಲ್, ಥೀಮ್, ಟೋನ್, ಪಾಯಿಂಟ್ ಆಫ್ ವ್ಯೂ, ಕ್ಲೈಮ್ಯಾಕ್ಸ್ ಎಂದು ಮೊದಲಾಗಿ ಸಾಲುಗಟ್ಟಿ ನಿಲ್ಲುವ ಈ ಪದಗಳನ್ನೂ, ಒಂದೊಂದರ ಮುಂದೆ ಬರೆದಿರುವ ಒಂದೊಂದು ಸಾಲಿನ ಲಕ್ಷಣವಾಕ್ಯವನ್ನೂ ಕಂಠಪಾಠ ಮಾಡುವ ಹುಡುಗನಿಗೆ ಅವೆಲ್ಲವೂ ಒಂದೇ ಕಾಲದಲ್ಲಿ ಒಬ್ಬನೇ ಶಾಸ್ತ್ರಕಾರನಿಂದ ಹುಟ್ಟಿದುವೆಂದು ತೋರಿದರೆ ಆಶ್ಚರ್ಯಪಡಬೇಕಾದುದಿಲ್ಲ. ಆದರೆ ಆ ಒಂದು ಪುಟದಲ್ಲಿ ಇಪ್ಪತ್ತಮೂರು ಶತಮಾನಗಳು ಒತ್ತೊತ್ತಾಗಿ ಕುಳಿತಿವೆ. ನಮ್ಮ ಆಲಂಕಾರಿಕರು ಒಂದು ಅಲಂಕಾರವನ್ನು ನಿರೂಪಿಸುವಾಗ ಸೂತ್ರರೂಪವಾದ ಲಕ್ಷಣವನ್ನೂ ಅದಕ್ಕೆ ಉದಾಹರಣೆಯಾದ ಲಕ್ಷ್ಯವನ್ನೂ ಜೊತೆಜೊತೆಯಾಗಿ ಇಡುತ್ತಾರಷ್ಟೆ. ಇವೆರಡರೊಡನೆ ಶಿಷ್ಯನ ಸ್ವಂತ ಪ್ರಯೋಗವೆಂಬ ಮೂರನೆಯದನ್ನೂ ಸೇರಿಸಿಕೊಂಡು ನೋಡಿದರೆ, ಇಂಗ್ಲಿಷ್ ಶಾಲೆಗಳ ಕಾವ್ಯಪರಿಭಾಷೆಯ ಚರಿತ್ರೆಯು ಈ ಮೂರರ ನಡುವಣ ಸಂಬಂಧವು ಕಾಲಕಾಲಕ್ಕೆ ಹೇಗೆ ಮಾರ್ಪಟ್ಟಿತೆಂಬುದರ ಚರಿತ್ರೆಯೇ ಆಗಿದೆ.

ಆದಿಯಲ್ಲಿ ಪ್ರಯೋಗವೇ ಪ್ರಧಾನವಾಗಿದ್ದಿತು. ಪ್ರಾಚೀನ ಅಥೆನ್ಸಿನಲ್ಲಿ ವ್ಯಾಜ್ಯ ಹೂಡಿದವನು ನ್ಯಾಯಸಭೆಯಲ್ಲಿ ತನ್ನ ಪಕ್ಷವನ್ನು ತಾನೇ ನಿಂತು ವಾದಿಸಬೇಕಾಗಿದ್ದುದರಿಂದ ವಾಕ್ಚಾತುರ್ಯವು ಅಲ್ಲಿ ಭೂಷಣವಾಗಿರದೆ ಜೀವನೋಪಾಯವೇ ಆಗಿದ್ದಿತು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಅರಿಸ್ಟಾಟಲನು ತನ್ನ ಕಾವ್ಯಮೀಮಾಂಸೆಯಲ್ಲಿಯೂ ವಾಗ್ಮಿತೆಯ ಶಾಸ್ತ್ರದ ಮೂರನೆಯ ಭಾಗದಲ್ಲಿಯೂ ರೂಪಕವನ್ನು ವಿಚಾರಮಾಡಿ, ಅದು ದೂರದ ವಸ್ತುಗಳಲ್ಲಿ ಸಾದೃಶ್ಯವನ್ನು ಕಾಣುವ ಪ್ರತಿಭೆಯ ಗುರುತೆಂದು ಬಗೆದನು. ರೋಮನರ ಕಾಲಕ್ಕೆ ಬರುವ ವೇಳೆಗೆ ಈ ವಿಚಾರವು ಶಾಲೆಯ ಕ್ರಮಬದ್ಧ ಪಾಠವಾಯಿತು. ಬಹುಕಾಲ ಸಿಸೆರೋವಿನದೆಂದು ತಪ್ಪಾಗಿ ಭಾವಿಸಲಾಗಿದ್ದ, ಹೆರೆನ್ನಿಯಸನನ್ನು ಉದ್ದೇಶಿಸಿ ಬರೆದ ಒಂದು ವಾಗ್ಮಿತಾಗ್ರಂಥದ ನಾಲ್ಕನೆಯ ಭಾಗದಲ್ಲಿ ಅಲಂಕಾರಗಳ ನಾಮಾವಳಿಯು ಲಕ್ಷಣ-ಲಕ್ಷ್ಯಸಮೇತವಾಗಿ ಬರುತ್ತದೆ. ಸ್ಪೇನಿನಲ್ಲಿ ಹುಟ್ಟಿ ರೋಮಿನಲ್ಲಿ ಗುರುವಾಗಿ, ವೆಸ್ಪೇಸಿಯನ್ ಚಕ್ರವರ್ತಿಯ ಬೊಕ್ಕಸದಿಂದ ಸಂಬಳ ಪಡೆದ ಕ್ವಿಂಟಿಲಿಯನ್ ಕ್ರಿ.ಶ. ೯೫ರ ಸುಮಾರಿಗೆ ಹನ್ನೆರಡು ಸಂಪುಟಗಳ ತನ್ನ ಶಿಕ್ಷಣಗ್ರಂಥವನ್ನು ಮುಗಿಸಿದಾಗ ಅದರ ಎಂಟನೆಯ ಮತ್ತು ಒಂಬತ್ತನೆಯ ಸಂಪುಟಗಳಲ್ಲಿ ಅಲಂಕಾರಗಳಿಗೆ ವಿಸ್ತಾರವಾದ ಸ್ಥಾನ ದೊರೆಯಿತು. ಆ ಗುರುವಿನ ಆಶಯವಾದರೋ ಸದ್ಗುಣಿಯಾದ ವಾಗ್ಮಿಯನ್ನು ತಯಾರುಮಾಡುವುದು. ಕವಿಗಳನ್ನು ಓದುವುದೆಂದರೆ ಮುಂದೆ ತಾನು ಆಡಬೇಕಾದ ಮಾತಿಗೆ ಬಲವನ್ನು ಕೂಡಿಸಿಕೊಳ್ಳುವುದು.

ಸಾಮ್ರಾಜ್ಯವು ಶಿಥಿಲವಾದ ಮೇಲೆ ನ್ಯಾಯಸಭೆಯ ಮಾತು ತಗ್ಗಿ, ಅಲಂಕಾರಗಳು ವ್ಯಾಕರಣದ ಆಶ್ರಯಕ್ಕೆ ಬಂದುವು. ಬೈಬಲನ್ನು ಲ್ಯಾಟಿನ್ನಿಗೆ ತಂದ ಸಂತ ಜೆರೋಮನ ಗುರುವೂ ನಾಲ್ಕನೆಯ ಶತಮಾನದ ವೈಯಾಕರಣನೂ ಆದ ಡೊನಾಟಸನು ತನ್ನ ದೊಡ್ಡ ವ್ಯಾಕರಣದ ಕಡೆಯ ಭಾಗದಲ್ಲಿ ಅವನ್ನು ಅಡಕಮಾಡಿದನು. ಆ ಪುಸ್ತಕವು ಮುಂದೆ ಸಾವಿರ ವರ್ಷಗಳ ಕಾಲ ಯೂರೋಪಿನ ಬಾಲಕರ ಕೈಗೆ ಬಂದಿತು. ಇಂಗ್ಲೆಂಡಿನಲ್ಲಿ ಈ ಶಾಸ್ತ್ರಕ್ಕೆ ಬೇರು ಹತ್ತಿಸಿದವನು ನಾರ್ಥಂಬ್ರಿಯದ ಜಾರೋ ಮಠದ ಸನ್ಯಾಸಿ ಬೀಡ್. ಎಂಟನೆಯ ಶತಮಾನದ ಆರಂಭದಲ್ಲಿ ಅವನು ಬರೆದ ಕೈಪಿಡಿಯಲ್ಲಿ ಹದಿನೇಳು ಶಬ್ದರಚನಾಭೇದಗಳನ್ನೂ ಹದಿಮೂರು ಅರ್ಥಪಲ್ಲಟಗಳನ್ನೂ ಡೊನಾಟಸನಿಂದಲೇ ಎತ್ತಿಕೊಂಡಿದ್ದರೂ, ವರ್ಜಿಲನ ಉದಾಹರಣೆಗಳಿದ್ದ ಕಡೆಯಲ್ಲಿ ಬೈಬಲಿನ ವಾಕ್ಯಗಳನ್ನು ಇಟ್ಟನು. ಲಕ್ಷಣ ಪರದೇಶದ್ದಾದರೂ ಲಕ್ಷ್ಯವು ತನ್ನ ಶಿಷ್ಯರು ದಿನವೂ ಪಠಿಸುವ ಗ್ರಂಥದ್ದಾಗಿರಬೇಕೆಂಬ ವಿವೇಕವು ಇದರಲ್ಲಿ ಕಾಣುತ್ತದೆ. ಇದಾದ ನೂರೈವತ್ತು ವರ್ಷಗಳೊಳಗಾಗಿ, ಇವನ ಹೆಸರನ್ನೇ ಕೇಳದ ನಮ್ಮ ನಾಡಿನಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯನು ದಂಡಿಯ ಕಾವ್ಯಾದರ್ಶವನ್ನು ಮುಂದಿಟ್ಟುಕೊಂಡು ಕವಿರಾಜಮಾರ್ಗವನ್ನು ರಚಿಸಿದಾಗ ಇದೇ ಕೆಲಸವನ್ನು ಮಾಡಿದನು: ಲಕ್ಷಣವನ್ನು ಸಂಸ್ಕೃತದಿಂದ ಪಡೆದು ಲಕ್ಷ್ಯವನ್ನು ಕನ್ನಡದಲ್ಲಿ ನಿಲ್ಲಿಸಿದನು. ಹೊರಗಿನಿಂದ ಬಂದ ಶಾಸ್ತ್ರವು ಯಾವ ನಾಡಿನಲ್ಲಿಯೇ ಆಗಲಿ ಬದುಕುವುದು ಸ್ಥಳೀಯವಾದ ಲಕ್ಷ್ಯದ ಬಲದಿಂದ ಎಂಬುದಕ್ಕೆ ಈ ಇಬ್ಬರೂ ಸಾಕ್ಷಿಗಳು.

ಹದಿನಾರನೆಯ ಶತಮಾನದ ಇಂಗ್ಲೆಂಡು ಈ ಚರಿತ್ರೆಯ ಉಚ್ಛ್ರಾಯಕಾಲ. ಲಂಡನ್ನಿನಲ್ಲಿ ಜಾನ್ ಕಾಲೆಟ್ ೧೫೦೯ರಲ್ಲಿ ಸ್ಥಾಪಿಸಿದ ಸೇಂಟ್ ಪಾಲ್ ಶಾಲೆಗೆಂದು ಎರಾಸ್ಮಸ್ ೧೫೧೨ರಲ್ಲಿ ‘ದೆ ಕೋಪಿಯಾ’ ಎಂಬ ಗ್ರಂಥವನ್ನು ಪ್ರಕಟಿಸಿ, ‘ನಿನ್ನ ಪತ್ರವು ನನಗೆ ಬಹಳ ಸಂತೋಷವನ್ನುಂಟುಮಾಡಿತು’ ಎಂಬ ಒಂದು ಸಾಮಾನ್ಯವಾದ ವಾಕ್ಯವನ್ನು ನೂರಕ್ಕೂ ಮಿಕ್ಕ ಬಗೆಗಳಲ್ಲಿ ಹೇಳಿ ತೋರಿಸಿದನು. ಒಂದು ಕಡೆ ರೂಪಕದಿಂದ, ಒಂದು ಕಡೆ ಅತಿಶಯೋಕ್ತಿಯಿಂದ, ಮತ್ತೊಂದು ಕಡೆ ನಿಷೇಧಮುಖದಿಂದ ಅದೇ ಭಾವವು ತಿರುತಿರುಗಿ ಹೊಸ ವೇಷವನ್ನು ತೊಡುತ್ತದೆ. ಜರ್ಮನಿಯ ಶಾಲಾಗುರು ಸುಸೆನ್‌ಬ್ರೋಟಸ್ ೧೩೨ ಅಲಂಕಾರಗಳನ್ನು ಸಂಗ್ರಹಿಸಿ ರಚಿಸಿದ ಲ್ಯಾಟಿನ್ ಕೈಪಿಡಿಯು ಇಂಗ್ಲೆಂಡಿನ ವ್ಯಾಕರಣಶಾಲೆಗಳ ಪಠ್ಯವಾಯಿತು. ಬೇಸಗೆಯಲ್ಲಿ ಬೆಳಗಿನ ಆರಕ್ಕೇ ಬಾಗಿಲು ತೆರೆಯುತ್ತಿದ್ದ ಆ ಶಾಲೆಗಳಲ್ಲಿ ಬಾಲಕನು ಅಲಂಕಾರದ ಹೆಸರನ್ನೂ ಲಕ್ಷಣವನ್ನೂ ಕಲಿತು, ಅನಂತರ ಓವಿಡ್, ವರ್ಜಿಲ್, ಸಿಸೆರೋ ಇವರ ಪುಟಗಳಲ್ಲಿ ಅದನ್ನು ಕಂಡುಹಿಡಿದು ಟಿಪ್ಪಣಿಯ ಪುಸ್ತಕದಲ್ಲಿ ಬರೆದಿಟ್ಟು, ಕೊನೆಗೆ ತನ್ನ ಸ್ವಂತ ರಚನೆಯಲ್ಲಿ ಅದನ್ನು ಬಳಸಿ ಗುರುವಿಗೆ ಒಪ್ಪಿಸಬೇಕಾಗಿದ್ದಿತು. ನಾಲ್ಕನೆಯ ಶತಮಾನದ ಅಫ್ತೋನಿಯಸನು ಕ್ರಮಪಡಿಸಿದ ಹದಿನಾಲ್ಕು ಅಭ್ಯಾಸಗಳು ಇದಕ್ಕೆ ಸೋಪಾನವಾಗಿದ್ದುವು. ಮಕ್ಕಳೆಲ್ಲರನ್ನೂ ಕಳೆದುಕೊಂಡ ನಿಯೋಬೆಯು ಶವಗಳ ಮುಂದೆ ನಿಂತು ಏನೆಂದು ಪ್ರಲಾಪಿಸಿದ್ದಾಳೆಂಬುದನ್ನು ವಿದ್ಯಾರ್ಥಿಯು ಅವಳ ಬಾಯಿಂದಲೇ ಹೇಳಿಸಬೇಕೆಂಬುದು ಅವುಗಳಲ್ಲಿ ಒಂದು. ಎಲಿಜಬೆತ್ ರಾಣಿಯ ಗುರುವಾಗಿದ್ದ ರೋಜರ್ ಆಸ್ಕಮ್, ೧೫೭೦ರಲ್ಲಿ ಅವನ ಮರಣಾನಂತರ ಅಚ್ಚಾದ ಗ್ರಂಥದಲ್ಲಿ, ಸಿಸೆರೋವಿನ ಒಂದು ಭಾಗವನ್ನು ಇಂಗ್ಲಿಷಿಗೆ ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು ಆ ಇಂಗ್ಲಿಷನ್ನೇ ಮತ್ತೆ ಲ್ಯಾಟಿನ್ನಿಗೆ ತಂದು, ಮೂಲದೊಡನೆ ಹೋಲಿಸಿ ನೋಡುವ ಕ್ರಮವನ್ನು ಉಪದೇಶಿಸಿದನು. ಸ್ಟ್ರಾಟ್‌ಫರ್ಡಿನ ಅಂತಹ ಒಂದು ಶಾಲೆಯಲ್ಲಿ ಷೇಕ್ಸ್‌ಪಿಯರನು ಓದಿದನೆಂದು ಚರಿತ್ರಕಾರರು ನಂಬುತ್ತಾರೆ. ಅವನ ಸಮಗ್ರ ಕೃತಿಗಳನ್ನು ಈ ದೃಷ್ಟಿಯಿಂದ ಶೋಧಿಸಿದ ಸಿಸ್ಟರ್ ಮಿರಿಯಮ್ ಜೋಸೆಫ್ ೧೯೪೭ರಲ್ಲಿ ಪ್ರಕಟಿಸಿದ ಗ್ರಂಥವು, ಅಂದಿನ ಕೈಪಿಡಿಗಳಲ್ಲಿ ಹೆಸರಿಸಿದ ಇನ್ನೂರಕ್ಕೂ ಮೇಲ್ಪಟ್ಟ ಅಲಂಕಾರಗಳಿಗೆ ಅವನ ನಾಟಕಗಳಲ್ಲಿ ಉದಾಹರಣೆಗಳುಂಟೆಂದು ತೋರಿಸಿತು. ಆ ಶಿಕ್ಷಣವು ಪ್ರತಿಭೆಯನ್ನು ಸೃಷ್ಟಿಸಿತೆಂದು ಯಾರೂ ಹೇಳಲಾರರು. ಆದರೆ ಪ್ರತಿಭೆಯು ಕೈಚಾಚಿದೊಡನೆಯೇ ಬೇಕಾದ ಸಾಮಗ್ರಿ ದೊರೆಯುವಂತೆ ಅದನ್ನು ಅಣಿಮಾಡಿ ಇಟ್ಟಿತೆಂದು ಧೈರ್ಯವಾಗಿ ಹೇಳಬಹುದು.

ಈ ಲ್ಯಾಟಿನ್ ವಿದ್ಯೆಯು ದೇಶಭಾಷೆಗೆ ಇಳಿದುದೂ ಇದೇ ಕಾಲದಲ್ಲಿ. ೧೫೫೦ರಲ್ಲಿ ರಿಚರ್ಡ್ ಷೆರಿ ಅಲಂಕಾರಗಳನ್ನು ಕುರಿತ ಮೊದಲ ಇಂಗ್ಲಿಷ್ ಗ್ರಂಥವನ್ನು ಹೊರತಂದನು. ಮೂರು ವರ್ಷಗಳ ಮೇಲೆ ಥಾಮಸ್ ವಿಲ್ಸನ್ ವಾಗ್ಮಿತೆಯ ಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಬರೆದನು. ೧೫೭೭ರಲ್ಲಿ ಹೆನ್ರಿ ಪೀಚಮ್ ‘ದಿ ಗಾರ್ಡನ್ ಆಫ್ ಎಲೊಕ್ವೆನ್ಸ್’ ಎಂಬ ಕೃತಿಯನ್ನು ಪ್ರಕಟಿಸಿ, ೧೫೯೩ರ ಆವೃತ್ತಿಯಲ್ಲಿ ಒಂದೊಂದು ಅಲಂಕಾರಕ್ಕೂ ಅದರ ಉಪಯೋಗವನ್ನೂ ಅದನ್ನು ಬಳಸುವಲ್ಲಿ ವಹಿಸಬೇಕಾದ ಎಚ್ಚರವನ್ನೂ ಸೇರಿಸಿದನು. ಈ ಕ್ರಮವು ಬಹು ಶ್ಲಾಘ್ಯವಾದುದು. ಅಲಂಕಾರವೊಂದು ಯಾವಾಗ ಶೋಭಿಸುತ್ತದೆ, ಯಾವಾಗ ಕೆಡುತ್ತದೆ ಎಂಬ ಔಚಿತ್ಯವಿಚಾರವನ್ನು ಲಕ್ಷಣದ ಬದಿಯಲ್ಲಿಯೇ ಇಟ್ಟವನು ಕೇವಲ ನಾಮಸಂಗ್ರಾಹಕನಲ್ಲ. ೧೫೮೯ರಲ್ಲಿ ಹೆಸರಿಲ್ಲದೆ ಪ್ರಕಟವಾಗಿ ಜಾರ್ಜ್ ಪಟನ್ಹಮ್ ಎಂಬಾತನದೆಂದು ವಿದ್ವಾಂಸರು ಒಪ್ಪಿರುವ ಕಾವ್ಯಶಾಸ್ತ್ರಗ್ರಂಥದಲ್ಲಿ ಗ್ರೀಕ್ ಹೆಸರುಗಳಿಗೆಲ್ಲ ಅಚ್ಚ ಇಂಗ್ಲಿಷ್ ಹೆಸರುಗಳನ್ನು ಕಟ್ಟುವ ಸಾಹಸವೂ ನಡೆಯಿತು. ಆ ಹೆಸರುಗಳು ನಿಲ್ಲದೆಹೋದುವು, ಗ್ರೀಕ್ ಹೆಸರುಗಳೇ ಉಳಿದುವು.

ಇಷ್ಟು ಬೆಳೆದ ವಿದ್ಯೆಗೆ ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಎರಡು ಕಡೆಯಿಂದ ಪೆಟ್ಟು ಬಿದ್ದಿತು. ಫ್ರಾನ್ಸಿನ ಪೀಟರ್ ರೇಮಸ್ ವಿಷಯವನ್ನು ಹುಡುಕುವ ಮತ್ತು ಜೋಡಿಸುವ ಕೆಲಸಗಳನ್ನು ತರ್ಕಶಾಸ್ತ್ರಕ್ಕೆ ವರ್ಗಮಾಡಿ, ವಾಗ್ಮಿತೆಯ ಪಾಲಿಗೆ ಶೈಲಿಯನ್ನೂ ಉಚ್ಚಾರವನ್ನೂ ಮಾತ್ರವೇ ಬಿಟ್ಟುದರಿಂದ, ಅಲಂಕಾರವು ಆಲೋಚನೆಯ ಅಂಗವಾಗಿದ್ದುದು ಹೋಗಿ ಆಲೋಚನೆಗೆ ಆಮೇಲೆ ಹೊದಿಸುವ ವಸ್ತ್ರವೆಂಬ ಭಾವನೆ ಬಲವಾಯಿತು. ೧೫೭೨ರ ಸೇಂಟ್ ಬಾರ್ತೊಲೊಮ್ಯೂ ಹತ್ಯಾಕಾಂಡದಲ್ಲಿ ಅವನು ಕೊಲೆಯಾದರೂ ಅವನ ಮತವು ಪ್ರಾಟೆಸ್ಟೆಂಟ್ ದೇಶಗಳಲ್ಲಿ ಹಬ್ಬಿತು. ಹೊದಿಸಿದ ವಸ್ತ್ರವನ್ನು ತೆಗೆದುಹಾಕುವುದು ಸುಲಭವಷ್ಟೆ. ೧೬೬೭ರಲ್ಲಿ ರಾಯಲ್ ಸೊಸೈಟಿಯ ಚರಿತ್ರೆಯನ್ನು ಬರೆದ ಥಾಮಸ್ ಸ್ಪ್ರಾಟನೂ, ೧೬೯೦ರ ತನ್ನ ಪ್ರಬಂಧದಲ್ಲಿ ಜಾನ್ ಲಾಕನೂ ಸತ್ಯವನ್ನು ಅರಸುವ ಮಾತಿನಲ್ಲಿ ಅಲಂಕಾರಕ್ಕೆ ಸ್ಥಾನವಿಲ್ಲವೆಂದು ಖಂಡಿಸಿದರು.

ಮುಂದಿನ ತಿರುವು ಸ್ಕಾಟ್ಲೆಂಡಿನದು. ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ೧೭೬೨ರಲ್ಲಿ ಮೂರನೆಯ ಜಾರ್ಜ್ ಅರಸನು ವಾಗ್ಮಿತೆ ಮತ್ತು ಲಲಿತಸಾಹಿತ್ಯಗಳಿಗಾಗಿ ಸ್ಥಾಪಿಸಿದ ಪೀಠಕ್ಕೆ ಪಾದ್ರಿ ಹ್ಯೂ ಬ್ಲೇರ್ ಮೊದಲ ಪ್ರಾಧ್ಯಾಪಕನಾದನು. ೧೭೮೩ರಲ್ಲಿ ಅಚ್ಚಾದ ಅವನ ಉಪನ್ಯಾಸಗಳು ಅಟ್ಲಾಂಟಿಕ್ ಸಮುದ್ರದ ಎರಡು ತೀರಗಳ ಕಾಲೇಜುಗಳಲ್ಲಿಯೂ ಪಠ್ಯವಾಗಿ ಬಹುಕಾಲ ನಡೆದುವು. ಬ್ಲೇರನ ಆಸಕ್ತಿ ಮಾತನಾಡುವವನಿಗಿಂತ ಹೆಚ್ಚಾಗಿ ಓದುವವನ ಕಡೆಗೆ, ರಚನಾಶಕ್ತಿಗಿಂತ ಹೆಚ್ಚಾಗಿ ಅಭಿರುಚಿಯ ಕಡೆಗೆ ವಾಲಿತ್ತು. ಶಿಷ್ಯನು ಒಂದು ರೂಪಕವನ್ನು ಕಟ್ಟಬಲ್ಲನೋ ಇಲ್ಲವೋ, ಇತರರು ಕಟ್ಟಿದ ರೂಪಕದ ಗುಣದೋಷಗಳನ್ನು ಬಲ್ಲವನಾದರೆ ಸಾಕೆಂಬ ಆದರ್ಶವು ಅಲ್ಲಿಂದ ಮುಂದೆ ದೃಢವಾಯಿತು. ಇದನ್ನು ಕೇವಲ ನಷ್ಟವೆಂದು ಎಣಿಸಲಾಗದು. ದೇಶಭಾಷೆಯ ಕಾವ್ಯವನ್ನು ಗೌರವದಿಂದ ಓದುವ ಅಭ್ಯಾಸವು ವಿದ್ಯಾಪೀಠದೊಳಗೆ ಪ್ರವೇಶಿಸಿದುದು ಈ ಬಾಗಿಲಿನಿಂದಲೇ. ಆದರೆ ಪ್ರಯೋಗವೆಂಬ ಮೂರನೆಯ ಅಂಗವು ಕೃಶವಾಗತೊಡಗಿದುದೂ ಇಲ್ಲಿಂದಲೇ.

ಅಮೆರಿಕದಲ್ಲಿ ಮೊದಲ ಸಾರ್ವಜನಿಕ ಪ್ರೌಢಶಾಲೆಯು ಬಾಸ್ಟನ್ನಿನಲ್ಲಿ ೧೮೨೧ರಲ್ಲಿ ತೆರೆದುದಾದರೂ, ಇಂಗ್ಲಿಷ್ ಸಾಹಿತ್ಯವು ಅಂತಹ ಶಾಲೆಗಳ ಮುಖ್ಯ ವಿಷಯವಾಗಲು ಇನ್ನೂ ಅರ್ಧ ಶತಮಾನ ಹಿಡಿಯಿತು. ಹಾರ್ವರ್ಡ್ ಕಾಲೇಜು ೧೮೭೪ರ ಪ್ರವೇಶಪರೀಕ್ಷೆಯಿಂದ ಮೊದಲುಗೊಂಡು ಪ್ರತಿಯೊಬ್ಬ ಅಭ್ಯರ್ಥಿಯೂ ಗೊತ್ತುಮಾಡಿದ ಕೃತಿಗಳಲ್ಲಿ ಒಂದನ್ನು ಆಧರಿಸಿ ಇಂಗ್ಲಿಷಿನಲ್ಲಿ ಒಂದು ಚಿಕ್ಕ ಪ್ರಬಂಧವನ್ನು ಬರೆಯಬೇಕೆಂದು ವಿಧಿಸಿತು. ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’, ಗೋಲ್ಡ್‌ಸ್ಮಿತ್ತನ ‘ದಿ ವಿಕರ್ ಆಫ್ ವೇಕ್‌ಫೀಲ್ಡ್’, ಸ್ಕಾಟನ ‘ಐವನ್‌ಹೋ’ ಆ ಪಟ್ಟಿಯಲ್ಲಿದ್ದುವು. ಒಂದೊಂದು ಕಾಲೇಜು ಒಂದೊಂದು ಪಟ್ಟಿಯನ್ನು ಹೊರಡಿಸಿ ಶಾಲೆಗಳನ್ನು ಗೊಂದಲಕ್ಕೀಡುಮಾಡಿದಾಗ, ೧೮೯೨ರಲ್ಲಿ ರಾಷ್ಟ್ರೀಯ ಶಿಕ್ಷಣಸಂಘವು ಹಾರ್ವರ್ಡಿನ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ಟನ ಮುಂದಾಳ್ತನದಲ್ಲಿ ಹತ್ತು ಮಂದಿಯ ಸಮಿತಿಯನ್ನು ನೇಮಿಸಿತು. ಆ ಸಮಿತಿಯ ವರದಿಯ ಫಲವಾಗಿ ಇಂಗ್ಲಿಷ್ ಪ್ರೌಢಶಾಲೆಯ ನಾಲ್ಕು ವರ್ಷಗಳಲ್ಲಿಯೂ ನಡೆಯಬೇಕಾದ ವಿಷಯವಾಗಿ ಪ್ರತಿಷ್ಠಿತವಾಯಿತು. ಅದರ ಹಿಂದೆಯೇ ಎಲ್ಲೆಡೆಗೂ ಸಮಾನವಾದ ಪಠ್ಯಪಟ್ಟಿಗಳು ಬಂದುವು. ಕಾಲೇಜಿಗೆ ಹೋಗದ ಬಹುಸಂಖ್ಯೆಯ ಮಕ್ಕಳ ಮೇಲೆಯೂ ಈ ಪಟ್ಟಿಗಳ ಭಾರ ಬೀಳುವುದನ್ನು ಕಂಡು ಸಹಿಸಲಾರದ ಉಪಾಧ್ಯಾಯರು ೧೯೧೧ರಲ್ಲಿ ಷಿಕಾಗೋದಲ್ಲಿ ಕಲೆತು ಇಂಗ್ಲಿಷ್ ಉಪಾಧ್ಯಾಯರ ರಾಷ್ಟ್ರೀಯ ಪರಿಷತ್ತನ್ನು ಸ್ಥಾಪಿಸಿಕೊಂಡರು. ಪರೀಕ್ಷೆಯು ಪಾಠವನ್ನು ಆಳಬೇಕೋ ಪಾಠವು ಪರೀಕ್ಷೆಯನ್ನು ಆಳಬೇಕೋ ಎಂಬ ವಿವಾದವು ಅಂದಿನಿಂದ ಮುಗಿದಿಲ್ಲ.

ಈ ನಡುವೆ ಪರಿಭಾಷೆಯ ಪಟ್ಟಿಗೆ ಹೊಸಬರು ಬಂದು ಸೇರುತ್ತಲೇ ಇದ್ದರು. ಪ್ರೇಕ್ಷಕನಿಗೆ ತಿಳಿದುದು ಪಾತ್ರಕ್ಕೆ ತಿಳಿಯದಿರುವುದರಿಂದ ಹುಟ್ಟುವ ನಾಟಕೀಯ ವ್ಯಂಗ್ಯವನ್ನು ಸಾಫೋಕ್ಲಿಸನ ಪ್ರಸಂಗದಲ್ಲಿ ೧೮೩೩ರಲ್ಲಿ ವಿವೇಚಿಸಿದವನು ಕಾನಪ್ ಥರ್ಲ್‌ವಾಲ್. ಜಡಪ್ರಕೃತಿಯ ಮೇಲೆ ಮನುಷ್ಯಭಾವಗಳನ್ನು ಆರೋಪಿಸುವುದಕ್ಕೆ ೧೮೫೬ರಲ್ಲಿ ‘ಪೆಥೆಟಿಕ್ ಫ್ಯಾಲಸಿ’ ಎಂಬ ಹೆಸರನ್ನು ಕೊಟ್ಟವನು ರಸ್ಕಿನ್. ಇಂದು ಪ್ರತಿ ತರಗತಿಯ ಕರಿಹಲಗೆಯ ಮೇಲೂ ಪರ್ವತಾಕಾರವಾಗಿ ಬರೆಯಲ್ಪಡುವ ಕಥಾವಸ್ತುವಿನ ಆರೋಹ, ಶಿಖರ, ಅವರೋಹಗಳ ಚಿತ್ರವು ಜರ್ಮನ್ ಲೇಖಕ ಗುಸ್ಟಾವ್ ಫ್ರೈಟಾಗನು ೧೮೬೩ರಲ್ಲಿ ಗ್ರೀಕ್ ಮತ್ತು ಷೇಕ್ಸ್‌ಪಿಯರನ ರುದ್ರನಾಟಕಗಳನ್ನು ಪರಿಶೀಲಿಸಿ ಕಂಡುಕೊಂಡುದು. ಸಣ್ಣಕತೆಗಳಿಗೆಲ್ಲ ಅದನ್ನೇ ಅನ್ವಯಿಸುವ ಉಪಾಧ್ಯಾಯರು ಅದು ಹುಟ್ಟಿದ ಸಂದರ್ಭವನ್ನು ನೆನೆದರೆ ಅನೇಕ ಕತೆಗಳಿಗೆ ಅದು ಹೊಂದದಿರುವುದೇಕೆಂದು ತಾವಾಗಿಯೇ ಅರಿಯುವರು. ಕಥೆಯ ದೃಷ್ಟಿಕೋನವನ್ನು ಕಾದಂಬರಿ ಕಲೆಯ ಕೇಂದ್ರಪ್ರಶ್ನೆಯನ್ನಾಗಿ ೧೯೨೧ರಲ್ಲಿ ಎತ್ತಿದವನು ಪರ್ಸಿ ಲಬ್ಬಕ್. ಏಕಮುಖವಾದ ಪಾತ್ರ, ಬಹುಮುಖವಾದ ಪಾತ್ರ ಎಂಬ ವಿಭಾಗವನ್ನು ೧೯೨೭ರ ಕೇಂಬ್ರಿಜ್ ಉಪನ್ಯಾಸಗಳಲ್ಲಿ ಮಾಡಿದವನು ಇ. ಎಂ. ಫಾರ್ಸ್ಟರ್, ನಂಬಲಾಗದ ನಿರೂಪಕನಿಗೆ ೧೯೬೧ರಲ್ಲಿ ನಾಮಕರಣ ಮಾಡಿದವನು ವೇನ್ ಬೂತ್. ಇವರೆಲ್ಲರೂ ಓದಿದ ಕೃತಿಯೊಂದು ಹಳೆಯ ಲಕ್ಷಣಗಳಿಗೆ ಅಳವಡದೆ ಹೋದಾಗ ಹೊಸ ಲಕ್ಷಣವನ್ನು ಹುಡುಕಿದವರು. ಲಕ್ಷ್ಯವು ಮುಂದಾಗಿ ಲಕ್ಷಣವು ಹಿಂದಿನಿಂದ ಬಂದ ಈ ಕ್ರಮವನ್ನು ಶಾಲೆಯ ಪಟ್ಟಿಯು ಮಾತ್ರ ತಲೆಕೆಳಗು ಮಾಡಿ ತೋರಿಸುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ವಿದ್ಯೆಗೆ ಪುನಶ್ಚೇತನವನ್ನು ತಂದವನು ಐ. ಎ. ರಿಚರ್ಡ್ಸ್. ಕವಿಗಳ ಹೆಸರನ್ನು ಮರೆಸಿ ಕೆಲವು ಪದ್ಯಗಳನ್ನು ಕೇಂಬ್ರಿಜ್ಜಿನ ವಿದ್ಯಾರ್ಥಿಗಳಿಗೆ ಕೊಟ್ಟು, ಅವರು ಬರೆದ ಅಭಿಪ್ರಾಯಗಳನ್ನು ಪರೀಕ್ಷಿಸಿ, ಉತ್ತಮ ವಿದ್ಯಾವಂತರೂ ಪದ್ಯದ ಸಾಮಾನ್ಯಾರ್ಥವನ್ನೇ ಗ್ರಹಿಸಲಾರದೆ ಎಡವುವುದನ್ನು ಅವನು ೧೯೨೯ರ ತನ್ನ ಗ್ರಂಥದಲ್ಲಿ ತೋರಿಸಿದನು. ೧೯೩೬ರಲ್ಲಿ ಅದೇ ರಿಚರ್ಡ್ಸ್ ರೂಪಕದ ಎರಡು ಅಂಗಗಳನ್ನು ಬೇರೆ ಬೇರೆಯಾಗಿ ಕರೆಯಲು ಇಂಗ್ಲಿಷಿನಲ್ಲಿ ಒಪ್ಪಿತವಾದ ಪದಗಳಿಲ್ಲದ ಕೊರತೆಯನ್ನು ಎತ್ತಿಹೇಳಿ, ಟೆನರ್ ಮತ್ತು ವೆಹಿಕಲ್ ಎಂಬ ಎರಡು ಪದಗಳನ್ನು ಸೂಚಿಸಿದನು. ಉಪಮೇಯ, ಉಪಮಾನ ಎಂಬ ವಿಭಾಗವನ್ನು ಶತಮಾನಗಳಿಂದ ಬಳಸುತ್ತಿರುವ ನಮಗೆ ಈ ಕೊರತೆಯು ವಿಸ್ಮಯವನ್ನುಂಟುಮಾಡಿದರೂ, ಎರಡು ಅಂಗಗಳು ಪರಸ್ಪರ ಘರ್ಷಿಸುವುದರಿಂದಲೇ ಅರ್ಥವು ಹುಟ್ಟುತ್ತದೆಂದು ಅವನು ಕೊಟ್ಟ ಒತ್ತು ಪಾಠಕ್ರಮಕ್ಕೆ ಹೊಸ ಜೀವವನ್ನು ತಂದಿತು. ೧೯೩೮ರಲ್ಲಿ ಲೂಯಿಸಿಯಾನಾದ ಅಧ್ಯಾಪಕರಾದ ಕ್ಲಿಯಾಂತ್ ಬ್ರೂಕ್ಸ್ ಮತ್ತು ರಾಬರ್ಟ್ ಪೆನ್ ವಾರೆನ್ ರಚಿಸಿದ ‘ಅಂಡರ್‌ಸ್ಟ್ಯಾಂಡಿಂಗ್ ಪೊಯೆಟ್ರಿ’ ಎಂಬ ಪಠ್ಯವು ಕವಿಚರಿತೆಯನ್ನು ಬದಿಗಿಟ್ಟು, ಪದ್ಯದ ಸ್ವರ, ಪ್ರತಿಮೆ, ಛಂದಸ್ಸು ಇವೆಲ್ಲವೂ ಒಂದರೊಡನೊಂದು ಹೆಣೆದುಕೊಂಡು ಕೆಲಸಮಾಡುವ ಬಗೆಯನ್ನು ಪ್ರಶ್ನೋತ್ತರಗಳಿಂದ ಬಿಡಿಸಿ ತೋರಿಸಿತು. ಅದೇ ವರ್ಷ ಲೂಯಿಸ್ ರೋಸೆನ್‌ಬ್ಲಾಟ್ ಎಂಬ ವಿದುಷಿಯು ಪ್ರಕಟಿಸಿದ ‘ಲಿಟರೇಚರ್ ಆಸ್ ಎಕ್ಸ್‌ಪ್ಲೊರೇಷನ್’ ಎಂಬ ಗ್ರಂಥವು, ಕೃತಿಯು ಓದುಗನ ಅನುಭವದೊಡನೆ ಸಂಗಮಿಸುವಲ್ಲಿ ಮಾತ್ರವೇ ಜೀವಂತವಾಗುತ್ತದೆಂಬ ಪಕ್ಷವನ್ನು ಹಿಡಿಯಿತು. ಒಂದು ಗ್ರಂಥ ಪರಿಭಾಷೆಯ ಸೂಕ್ಷ್ಮತೆಯನ್ನು ಬೆಳೆಸಿತು, ಇನ್ನೊಂದು ಆ ಪರಿಭಾಷೆಯು ಅನುಭವದ ಸ್ಥಾನವನ್ನು ಆಕ್ರಮಿಸಿಕೊಳ್ಳಬಾರದೆಂಬ ಎಚ್ಚರವನ್ನು ಕೊಟ್ಟಿತು. ಒಳ್ಳೆಯ ಉಪಾಧ್ಯಾಯನಿಗೆ ಎರಡೂ ಬೇಕು.

ಎರಡನೆಯ ಮಹಾಯುದ್ಧದ ತರುವಾಯ ಕಾಲೇಜುಗಳು ವಿಸ್ತಾರವಾಗಿ, ಸಾಹಿತ್ಯಬೋಧನೆಗೆ ಸುಲಭವಾದ ಕೈಪಿಡಿಗಳು ಬೇಕಾದುವು. ಲಾರೆನ್ಸ್ ಪೆರಿನ್ನನ ‘ಸೌಂಡ್ ಅಂಡ್ ಸೆನ್ಸ್’ ೧೯೫೬ರಲ್ಲಿಯೂ, ಎಂ. ಎಚ್. ಏಬ್ರಮ್ಸನ ಪಾರಿಭಾಷಿಕ ಪದಕೋಶ ೧೯೫೭ರಲ್ಲಿಯೂ ಹೊರಬಂದು ಆವೃತ್ತಿಯ ಮೇಲೆ ಆವೃತ್ತಿಯನ್ನು ಕಂಡುವು. ಇದೇ ದಶಕದ ನಡುವಿನಲ್ಲಿ ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯು ಪ್ರೌಢಶಾಲೆಯಲ್ಲಿಯೇ ಕಾಲೇಜುಮಟ್ಟದ ಪಾಠವನ್ನು ಕಲಿತು ಪರೀಕ್ಷೆ ಕೊಡುವ ‘ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್’ ಎಂಬ ಏರ್ಪಾಡನ್ನು ಕೈಗೊಂಡಿತು. ಅದರ ಇಂಗ್ಲಿಷ್ ಸಾಹಿತ್ಯಪರೀಕ್ಷೆಯಲ್ಲಿ ವಸ್ತುನಿಷ್ಠ ಪ್ರಶ್ನೆಗಳೂ ಉಂಟು, ಪ್ರಬಂಧಗಳೂ ಉಂಟು. ಕವಿಯು ಬಳಸಿದ ಸಾಧನಗಳಿಂದ ಅರ್ಥವು ಹೇಗೆ ಸಿದ್ಧಿಸಿತೆಂದು ಪ್ರಬಂಧದ ಪ್ರಶ್ನೆಯು ಸ್ಪಷ್ಟವಾಗಿಯೇ ಕೇಳುತ್ತದೆ. ಹಲವಾರು ರಾಜ್ಯಗಳು ಅಂಗೀಕರಿಸಿದ ೨೦೧೦ರ ಸಾಮಾನ್ಯ ಪಠ್ಯನಿರ್ದೇಶಗಳೂ ಪದಗಳ ಆಯ್ಕೆಯು ಅರ್ಥದ ಮೇಲೆಯೂ ಧ್ವನಿಯ ಮೇಲೆಯೂ ಮಾಡುವ ಪರಿಣಾಮವನ್ನು ವಿಶ್ಲೇಷಿಸಬೇಕೆಂದೇ ಹೇಳುತ್ತವೆ. ಹೀಗೆ ವಿಧಿಯಲ್ಲಿ ದೋಷವಿಲ್ಲದಿದ್ದರೂ, ಪರೀಕ್ಷೆಯ ಮುನ್ನಾವಾರದ ಅವಸರದಲ್ಲಿ ‘ಹೇಗೆ’ ಎಂಬ ಪ್ರಶ್ನೆಯು ಜಾರಿಹೋಗಿ ‘ಯಾವುದು’ ಎಂಬ ಪ್ರಶ್ನೆಯೊಂದೇ ಉಳಿಯುವುದು ಸಹಜವಾಗಿದೆ. ಒಂದು ಸಾಲನ್ನು ಕೊಟ್ಟು ಇದರಲ್ಲಿರುವುದು ಯಾವ ಅಲಂಕಾರವೆಂದು ಕೇಳಿ, ಸರಿಯುತ್ತರ ಬಂದೊಡನೆ ಮುಂದಿನ ಸಾಲಿಗೆ ಹೋಗುವುದು ಅನೇಕ ತರಗತಿಗಳ ಪುನರಾವರ್ತನೆಯ ರೂಪವಾಗಿದೆ.

ನಮ್ಮ ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಈ ದೃಶ್ಯವು ಅಪರಿಚಿತವೇನಲ್ಲ. ಇಂಗ್ಲಿಷಿನ ಅಲಂಕಾರಗಳ ಹೆಸರುಗಳನ್ನು ಅವರಲ್ಲಿ ಬಹುಮಂದಿ ಕಲಿತುದು ರೆನ್ ಮತ್ತು ಮಾರ್ಟಿನ್ ಇವರ ವ್ಯಾಕರಣದಿಂದ. ಕನ್ನಡದ ಪಾಠದಲ್ಲಿಯಾದರೋ ಪ್ರಸ್ತಾರ ಹಾಕಿ ಗಣವಿಭಾಗ ಮಾಡಿ ಛಂದಸ್ಸನ್ನು ಗುರುತಿಸುವುದು, ಅಲಂಕಾರವನ್ನು ಹೆಸರಿಸಿ ಲಕ್ಷಣ ಬರೆದು ಸಮನ್ವಯಗೊಳಿಸುವುದು ತಲೆಮಾರುಗಳಿಂದ ನಡೆದುಬಂದಿದೆ. ಈ ಸಮನ್ವಯವೆಂಬುದು ಬಹು ಬೆಲೆಬಾಳುವ ಪದ್ಧತಿ. ಇಲ್ಲಿ ಉಪಮೇಯ ಯಾವುದು, ಉಪಮಾನ ಯಾವುದು, ಸಮಾನಧರ್ಮವೇನು, ವಾಚಕಪದವೆಲ್ಲಿ ಎಂದು ಲಕ್ಷಣದ ಒಂದೊಂದು ಅಂಗವನ್ನೂ ಲಕ್ಷ್ಯದ ಮೇಲೆ ಇಟ್ಟು ನೋಡದೆ ಉತ್ತರವು ಪೂರ್ಣವಾಗದೆಂಬ ನಿಯಮವು, ಹೆಸರಿಸಿ ಕೈಬಿಡುವ ಚಾಳಿಗೆ ತಡೆಯಾಗಿ ನಿಂತಿದೆ. ಅದೂ ಯಾಂತ್ರಿಕವಾಗುವುದುಂಟು, ಆದರೆ ಸಮಾನಧರ್ಮವೇನೆಂದು ಕೇಳುವ ಒಂದು ಪ್ರಶ್ನೆಯೇ ವಿದ್ಯಾರ್ಥಿಯನ್ನು ಮತ್ತೆ ಪದ್ಯದೊಳಕ್ಕೆ ಕಳುಹಿಸುತ್ತದೆ. ಇಂಗ್ಲಿಷ್ ತರಗತಿಯ ಓದು ಕನ್ನಡದಲ್ಲಿ ಪ್ರಯೋಗವಾಗಿ ಫಲಿಸಿದುದಕ್ಕೂ ನಮ್ಮಲ್ಲಿ ಉಜ್ಜ್ವಲವಾದ ನಿದರ್ಶನವಿದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು, ಲಿರಿಕ್ ಎಂಬುದರ ಲಕ್ಷಣವನ್ನು ವಿವರಿಸುವಷ್ಟಕ್ಕೆ ತೃಪ್ತರಾಗದೆ, ‘ಇಂಗ್ಲಿಷ್ ಗೀತಗಳು’ ಎಂಬ ಸಂಕಲನದಲ್ಲಿ ಅದರ ಲಯಗಳನ್ನು ಕನ್ನಡದ ಮಾತ್ರಾಗಣಗಳಲ್ಲಿ ಕೂರಿಸಿ ನೋಡಿದುದರಿಂದಲೇ ನವೋದಯಕ್ಕೆ ಒಂದು ದಾರಿ ತೆರೆಯಿತು.

ರಾಗವನ್ನು ಕೇಳಿ ಹೆಸರಿಸಬಲ್ಲ ರಸಿಕನಿಗೂ ನಾಲ್ಕು ಸ್ವರವನ್ನಾದರೂ ಹಾಡಿ ಬಲ್ಲವನಿಗೂ ರಾಗದ ಪರಿಚಯದಲ್ಲಿ ಅಂತರವುಂಟು. ಎರಡನೆಯವನ ಕೇಳ್ಮೆಯು ಮೊದಲನೆಯವನದಕ್ಕಿಂತ ಆಳವಾದುದು. ಎಲಿಜಬೆತ್ ಕಾಲದ ಗುರುಗಳು ಇದನ್ನು ಬಲ್ಲವರಾಗಿದ್ದರು. ಅವರ ಶಾಲೆಯ ಬೆತ್ತವೂ ದೀರ್ಘವಾದ ದಿನವೂ ನಮಗೆ ಬೇಡ, ನೂರಮೂವತ್ತೆರಡು ಅಲಂಕಾರಗಳ ಹೊರೆಯೂ ಬೇಡ. ಕಲಿತ ಅಲಂಕಾರವನ್ನು ಶಿಷ್ಯನು ತಾನೂ ಒಮ್ಮೆ ರಚಿಸಿ ನೋಡಬೇಕೆಂಬ ಅವರ ಒಂದು ನಿಯಮವು ಮಾತ್ರ ಬೇಕು. ಪುನರಾವರ್ತನೆಗೆ ಒಂದು ಗಂಟೆಯ ಕಾಲ ದೊರೆತ ಉಪಾಧ್ಯಾಯನು ಐವತ್ತು ಪದಗಳ ಪಟ್ಟಿಯನ್ನು ಓದಿಸುವುದಕ್ಕೆ ಬದಲಾಗಿ ಒಂದು ಚಿಕ್ಕ ಪದ್ಯವನ್ನು ಎತ್ತಿಕೊಂಡು, ಅದರಲ್ಲಿ ನಿಜವಾಗಿ ದುಡಿಯುತ್ತಿರುವ ಮೂರೋ ನಾಲ್ಕೋ ಪರಿಭಾಷೆಗಳನ್ನು ಮಾತ್ರ ಆರಿಸಿ, ಒಂದೊಂದಕ್ಕೂ ಹೆಸರು, ಲಕ್ಷಣ, ಸಮನ್ವಯಗಳನ್ನು ಹೇಳಿಸಿ, ಆ ಅಲಂಕಾರವನ್ನು ತೆಗೆದು ಸಾದಾ ಮಾತನ್ನಿಟ್ಟರೆ ಪದ್ಯಕ್ಕೆ ಆಗುವ ನಷ್ಟವೇನೆಂದು ಕೇಳಿ, ಕಡೆಗೆ ವಿದ್ಯಾರ್ಥಿಗಳಿಂದ ಸ್ವಂತದ ಎರಡು ವಾಕ್ಯಗಳನ್ನು ಬರೆಸಲಿ. ಪಟ್ಟಿಯಲ್ಲಿ ಉಳಿದುಹೋದ ಪದಗಳನ್ನು ಹುಡುಗರು ಕೋಶದಲ್ಲಿ ನೋಡಿಕೊಂಡಾರು. ಪದ್ಯವು ತಮ್ಮ ಮೇಲೆ ಮಾಡಿದ ಪರಿಣಾಮಕ್ಕೆ ಕಾರಣವನ್ನು ಪದ್ಯದಲ್ಲಿಯೇ ಹುಡುಕಿ ಹೇಳುವ ಶಕ್ತಿಯನ್ನು ಯಾವ ಕೋಶವೂ ಕೊಡಲಾರದು. ಅದಕ್ಕೆ ಬೇಕಾದ ಕಾಲವನ್ನು ಉಪಾಧ್ಯಾಯನಿಗೆ ಒದಗಿಸುವುದು ಶಾಲೆಗಳನ್ನು ನಡೆಸುವವರ ಕರ್ತವ್ಯ.